ಕೋಟೆಯಿಲ್ಲದ ಊರು

ಸಾಗರ
9 ಆಗಸ್ಟ್

ಚಿ. ಪುಟ್ಟಿಗೆ ಮಾವ ಮಾಡುವ ಆಶೀರ್ವಾದ.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಆಫೀಸಿನ ಸುದ್ದಿ, ಹೊಸ ಮನೆ, ಡಬ್ಲಿನ್ನಿನ ಮಳೆ ಎಲ್ಲ ಓದಿದೆ. ನಡುವೆ ಒಂದು ಸಾಲು ಬರೆದು ಏನೂ ಆಗದವಳ ಹಾಗೆ ಮುಂದೆ ಹೋಗಿದ್ದೀಯ: "ರಾತ್ರಿ ಫೋನ್ ಬಡಕೊಂಡರೆ ಅಮ್ಮ ಹೋಗಿಬಿಟ್ಟಳು ಅಂತಲೇ ಎದ್ದು ಕೂರುತ್ತೇನೆ ಮಾವ." ನೀನು ಮುಂದೆ ಹೋದೆ, ನಾನು ಅಲ್ಲೇ ನಿಂತಿದ್ದೇನೆ. ನಿನ್ನಮ್ಮನಿಗೆ ತೋರಿಸಿಲ್ಲ. ತೋರಿಸಿದರೆ ಮೊದಲು ನಗುತ್ತಾಳೆ, ಆಮೇಲೆ ಒಳಗೆ ಹೋಗಿ ಅಳುತ್ತಾಳೆ.

ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿದ ಬಾಯಿ ನೋಡು, ಸಾವಿನ ಭಯ ಅಂದ ಕೂಡಲೇ ಆ ಹಳೇ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಬಂದುಬಿಡುತ್ತಾನೆ. ಮೆನೊಯ್ಸಿಯಸ್ ಎಂಬವನಿಗೆ ಬರೆದ ಕಾಗದದಲ್ಲಿ ಹೇಳುತ್ತಾನಲ್ಲ, ನಾವಿರುವಾಗ ಸಾವು ಇಲ್ಲ, ಸಾವು ಬಂದಾಗ ನಾವಿಲ್ಲ ಅಂತ. ಪ್ರಾಣವೂ ದೇಹದ ಹಾಗೆ ಅಣುಗಳ ಗಂಟು, ಗಂಟು ಬಿಚ್ಚಿದರೆ ಅರಿವಿಲ್ಲ, ಅರಿವಿಲ್ಲದ ಮೇಲೆ ನೋವು ಯಾರಿಗೆ? ಅಚ್ಚುಕಟ್ಟಾದ ವಾದ. ಪರೀಕ್ಷೆಯಲ್ಲಿ ಹುಡುಗರು ಬಾಯಿಪಾಠ ಒಪ್ಪಿಸುತ್ತಿದ್ದರು. ಆದರೆ ನಿನ್ನ ಹೆದರಿಕೆಗೆ ಅದು ಮುಟ್ಟುವುದೇ ಇಲ್ಲ ಕಣೇ. ನೀನು ನಿನ್ನ ಸಾವಿಗೆ ಹೆದರಿಲ್ಲ. ಅಮ್ಮ ಹೋಗುವಾಗ ನೀನು ಹತ್ತಿರ ಇರುವುದಿಲ್ಲ, ಅದಕ್ಕೆ ಹೆದರಿದ್ದೀಯ. ಹೋದವರ ಪಾಲಿಗೆ ಆ ವಾದ ಸರಿಯಿರಬಹುದು, ಉಳಿದವರು ಏನು ಮಾಡಬೇಕು?

1988ರಲ್ಲಿ ನಿನ್ನ ಅಜ್ಜಿ ಹೋದ ಕಥೆಯನ್ನು ನಿನ್ನಮ್ಮ ನೂರು ಸಲ ಹೇಳಿದ್ದಾಳೆ, ಅದು ಬೇಡ. ಅವಳಿಗೂ ಗೊತ್ತಿಲ್ಲದ್ದೊಂದಿದೆ. ಕ್ರಿಯೆ ಮುಗಿಸಿ ಬೀದರಿಗೆ ಮರಳಿದ ಮಾರನೇ ದಿನ ಬಿ.ಎ. ಕ್ಲಾಸಿನಲ್ಲಿ ಇದೇ ಪಾಠವಿತ್ತು. ನನ್ನ ತಲೆ ಇನ್ನೂ ಬೋಳು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ, "ಹಂಗಾದ್ರ ಸತ್ತವ್ರಿಗೆ ಅಳೋದು ತಪ್ಪೇನ್ರಿ ಸರ್?" ಕುಚೋದ್ಯಕ್ಕೆ ಕೇಳಿದ್ದಲ್ಲ, ನನ್ನ ತಲೆ ನೋಡಿಯೇ ಕೇಳಿದ್ದ. ನಾನು "ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ" ಅಂದೆ.

ಉತ್ತರ ಇತ್ತು, ನಾನು ಓದಿರಲಿಲ್ಲ. ಹೆಗೆಸಿಅನಾಕ್ಸ್ ಎಂಬುವನು ತೀರಿಕೊಂಡಾಗ ಎಪಿಕ್ಯೂರಸ್ ಅವನ ಅಪ್ಪನಿಗೂ ಒಡಹುಟ್ಟಿದವನಿಗೂ ಕಾಗದ ಬರೆದಿದ್ದ. ಪ್ರಿಯರು ಹೋದಾಗ ಅಳಬಾರದು ಎನ್ನುವವರನ್ನು ಅವನು ಒಪ್ಪುತ್ತಿರಲಿಲ್ಲ. ದುಃಖವೇ ಆಗದಷ್ಟು ಕಲ್ಲಾಗುವುದು ದುಃಖಕ್ಕಿಂತ ಕೆಟ್ಟದ್ದು ಎನ್ನುತ್ತಿದ್ದ. ಇದನ್ನು ನಮಗೆ ಉಳಿಸಿಕೊಟ್ಟವನು ಆಮೇಲಿನ ಕಾಲದ ಗ್ರೀಕ್ ಬರಹಗಾರ ಪ್ಲೂಟಾರ್ಕ್. ಅವನಿಗೆ ಎಪಿಕ್ಯೂರಸ್ ಕಂಡರಾಗದು, ಹಾಗಾಗಿ ಹೊಗಳಲು ಕಟ್ಟಿ ಹೇಳಿದ್ದಲ್ಲ. ಆ ಹುಡುಗನಿಗೆ ಈಗ ಅರವತ್ತರ ಹತ್ತಿರ ಆಗಿರಬೇಕು. ಎಲ್ಲಿದ್ದಾನೋ.

ಮತ್ತೆ ನಿನ್ನ ರಾತ್ರಿ ಫೋನಿಗೆ ಬರುತ್ತೇನೆ. ಹೆದರುವವರು ದೂರ ಹೋದ ಮಕ್ಕಳು ಮಾತ್ರ ಅಂದುಕೊಳ್ಳಬೇಡ. ಇವತ್ತಿನ ಟರ್ಕಿಯ ನೈಋತ್ಯದಲ್ಲಿ ಓಯ್ನೊಆಂಡ ಎಂಬ ಹಾಳೂರಿದೆ. ಅಲ್ಲಿ ಕ್ರಿ.ಶ. 2ನೇ ಶತಮಾನದಲ್ಲಿ ಡಯೊಜಿನಿಸ್ ಎಂಬ ಮುದುಕ, ಸಾಯುವ ಮುಂಚೆ ದಾರಿಹೋಕರಿಗೆ ಉಪಯೋಗವಾಗಲಿ ಎಂದು ಎಪಿಕ್ಯೂರಸ್‌ನ ವಿಚಾರಗಳನ್ನೆಲ್ಲ ಗೋಡೆಯ ಮೇಲೆ ಕೆತ್ತಿಸಿದ. ಅದರಲ್ಲೊಂದು ಎಪಿಕ್ಯೂರಸ್ ತಾಯಿಗೆ ಬರೆದದ್ದು ಎನ್ನುವ ಕಾಗದ. ದೂರದಲ್ಲಿರುವ ಮಗನನ್ನು ಕನಸಿನಲ್ಲಿ ಕಂಡು ಆ ತಾಯಿ ಗಾಬರಿಯಾಗಿದ್ದಾಳೆ. ಆ ಕನಸಿನ ರೂಪಗಳಿಗೆ ಹೆದರಬೇಡ, ನಾನು ದಿನದಿನಕ್ಕೆ ಸುಖವಾಗಿಯೇ ಇದ್ದೇನೆ ಅನ್ನುತ್ತಾನೆ ಮಗ. ಆಮೇಲೆ, ಹೀಗೆ ದುಡ್ಡುಕಾಸು ಕಳಿಸುತ್ತಿರಬೇಡ, ನನಗೆ ಮಿಗಲಿ ಎಂದು ನಿನಗೆ ಕಡಿಮೆಯಾಗುವುದು ಬೇಡ ಅನ್ನುತ್ತಾನೆ. ಓದುವಾಗ ನಿನ್ನಮ್ಮ ಚಟ್ನಿಪುಡಿಯ ಪೊಟ್ಟಣಕ್ಕೆ ಎರಡೆರಡು ಸುತ್ತು ಟೇಪ್ ಹಚ್ಚುವುದು ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಎಪಿಕ್ಯೂರಸ್‌ನನ್ನು ಭೋಗಿ ಅಂತ ಎಷ್ಟು ಜನ ಹಳಿದರು! ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿನಲ್ಲಿ 80 ಮಿನಾ (ಅಲ್ಲಿನ ಬೆಳ್ಳಿ ಹಣದ ಲೆಕ್ಕ) ಕೊಟ್ಟು ಒಂದು ತೋಟ ಕೊಂಡ. ಹೆಂಗಸರು, ಗುಲಾಮರು ಎಲ್ಲರಿಗೂ ಅಲ್ಲಿ ಜಾಗವಿತ್ತು. ಊಟಕ್ಕೆ ರೊಟ್ಟಿ, ನೀರು. ಒಂದು ಪುಟ್ಟ ಗಡಿಗೆ ಚೀಸ್ ಕಳಿಸಿದರೆ ಬೇಕೆನಿಸಿದ ದಿನ ಹಬ್ಬ ಮಾಡುತ್ತೇನೆ ಎಂದು ಗೆಳೆಯನಿಗೆ ಬರೆದವನು ಭೋಗಿಯಂತೆ! ಡೆಮೆಟ್ರಿಯಸ್ ಎಂಬ ಮ್ಯಾಸಿಡೋನಿಯದ ದಂಡನಾಯಕ ಅಥೆನ್ಸನ್ನು ಮುತ್ತಿ ಊರಿಗೆ ಕಾಳು ಬಾರದಂತೆ ಮಾಡಿದಾಗ, ಇದ್ದ ಅವರೆಯನ್ನು ಎಣಿಸಿ ಎಣಿಸಿ ತನ್ನವರಿಗೆ ಹಂಚಿ ಅವರನ್ನು ಉಳಿಸಿಕೊಂಡ. ನನಗೆ ಅವನ ಅಣುಗಳಿಗಿಂತ ಆ ಕಾಳೆಣಿಕೆಯೇ ಇಷ್ಟ.

ಇಷ್ಟು ಧೈರ್ಯದವನೇ ಒಂದು ಮಾತು ಬಿಟ್ಟು ಹೋಗಿದ್ದಾನೆ: ಮಿಕ್ಕೆಲ್ಲದಕ್ಕೂ ರಕ್ಷಣೆ ಮಾಡಿಕೊಳ್ಳಬಹುದು, ಸಾವಿನ ವಿಷಯಕ್ಕೆ ಬಂದರೆ ನಾವೆಲ್ಲ ಕೋಟೆಯಿಲ್ಲದ ಊರಿನವರು. ನೀನು ರಾತ್ರಿ ಎದ್ದು ಕೂತು ಕೋಟೆ ಕಟ್ಟುತ್ತಿದ್ದೀಯ ಅನಿಸುತ್ತದೆ. ಎಚ್ಚರವಾಗಿದ್ದರೆ ಅಮ್ಮನಿಗೆ ಏನೂ ಆಗದು ಅನ್ನುವ ಹಾಗೆ. ನನಗೂ ಆ ಚಟ ಇತ್ತು. ಅಮ್ಮ ಹೋದಳೆಂಬ ತಂತಿ ಬಂದ ಮೇಲೂ ಎಷ್ಟೋ ವರ್ಷ ರಾತ್ರಿ ಬಾಗಿಲು ಸದ್ದಾದರೆ ಎದ್ದು ಕೂರುತ್ತಿದ್ದೆ, ಇನ್ನು ಬರಲು ಯಾವ ಸುದ್ದಿ ಉಳಿದಿತ್ತೋ.

ಕೊನೆಗೆ ಹತ್ತಿರ ಇರಲಿಲ್ಲವಲ್ಲ ಎಂಬ ಸಂಕಟ ನನಗೆ ಬಹಳ ಕಾಲ ಇತ್ತು. ಈಗ ಕುಟುಕುವುದು ಅದಲ್ಲ. ಅದರ ಹಿಂದಿನ ದೀಪಾವಳಿಗೆ ಬಂದಿದ್ದಾಗ ಅಮ್ಮ "ಇನ್ನೆರಡು ದಿನ ಇದ್ದು ಹೋಗೋ" ಅಂದಳು. ಪೇಪರ್ ತಿದ್ದುವುದಿದೆ ಅಂದೆ. ತಿದ್ದುವುದು ಏನೂ ಇರಲಿಲ್ಲ.

ಸಲಹೆ ಕೊಡು ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಬೈಕೋಬೇಡ. ಟಿಕೆಟ್ಟಿಗೆ ಆಗುವಷ್ಟು ದುಡ್ಡು ಬೇರೆ ಎತ್ತಿಡು. ಫೋನ್ ಮಾಡಿದಾಗೆಲ್ಲ ಮಾತ್ರೆ ತಗೊಂಡೆಯಾ ಅಂತ ಅವಳನ್ನು ಪರೀಕ್ಷಿಸಬೇಡ, ಪಕ್ಕದ ಮನೆಯವರ ಚಾಡಿ ಕೇಳು, ಅದರಲ್ಲಿ ಅವಳಿಗೆ ಭಾಳ ಖುಷಿ. ಇನ್ನೊಂದು: ನಿನ್ನ ರಾತ್ರಿ ಎರಡು ಗಂಟೆ ಅಂದರೆ ಇಲ್ಲಿ ಬೆಳಗಿನ ಆರೂವರೆ. ಹಾಲು ಕಾಯಿಸಿ, ಹೂವಿನ ಚಿತ್ರದ ಶುಭೋದಯ ಎಲ್ಲರಿಗೂ ರವಾನಿಸುವ ಹೊತ್ತು. ಆ ಪಟ್ಟಿಯಲ್ಲಿ ನಾನೂ ಒಬ್ಬ ಪಾಪಿ. ನಿನ್ನನ್ನು ಬೆಚ್ಚಿಬೀಳಿಸಿದ್ದು ಎಷ್ಟೋ ಸಲ ನನ್ನ ದಾಸವಾಳವೇ ಇರಬೇಕು. ನಾಳೆಯಿಂದ ಕಳಿಸುವುದಿಲ್ಲ.

ಎಪಿಕ್ಯೂರಸ್ ಸತ್ತದ್ದು ಮೂತ್ರದ ಕಲ್ಲಿನಿಂದ, 72ರ ವಯಸ್ಸಿನಲ್ಲಿ, 14 ದಿನ ನರಳಿ. ಪ್ರಾಣದ ಗೆಳೆಯ ಮೆಟ್ರೊಡೋರಸ್ ಅವನಿಗಿಂತ 7 ವರ್ಷ ಮೊದಲೇ ಹೋಗಿದ್ದ. ಕೊನೇ ದಿನ ಇನ್ನೊಬ್ಬ ಗೆಳೆಯ ಇಡೊಮೆನಿಯಸ್‌ಗೆ ಬರೆದ ಕಾಗದದಲ್ಲಿ, ಈ ನೋವಿಗಿಂತ ಹೆಚ್ಚಿನದಿಲ್ಲ, ಆದರೂ ನಾವಾಡಿದ ಮಾತುಗಳ ನೆನಪಿನ ಸಂತೋಷ ಇದಕ್ಕೆ ಎದುರು ನಿಂತಿದೆ ಅನ್ನುತ್ತಾನೆ. ಕಡೆಯ ಮಾತು ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ ಅಂತ. ಇಡೊಮೆನಿಯಸ್ ಕೂಡ ಅವನ ಹಾಸಿಗೆಯ ಪಕ್ಕ ಇರಲಿಲ್ಲ ಪುಟ್ಟಿ. ಇದ್ದಿದ್ದರೆ ಕಾಗದವೇಕೆ?

ಇದನ್ನು ಅಂಚೆಗೆ ಹಾಕಲು ನಿನ್ನಮ್ಮನ ಮನೆ ಮುಂದೆಯೇ ಹೋಗಬೇಕು. ಪತ್ರೊಡೆ ಮಾಡಿದ್ದಾಳಂತೆ, ಬೆಳಗ್ಗೆಯೇ ಕರೆದಿದ್ದಾಳೆ. ಒಂದು ಗಳಿಗೆ ಕೂತು ಹೋಗು ಅಂದರೆ ಕೂರುತ್ತೇನೆ. ಮಳೆ ಜೋರಾಗಿದೆ, ಹೇಗೂ ಬೇಗ ಬಿಡುವಂತಿಲ್ಲ.

ನಿನ್ನ
ಮಾವ