ಜೈಂಟ್ ವೀಲ್ ತಪಾಸಣೆಯ ದಿನಾಂಕ ಬರೆಸಿ

ಮಾನ್ಯರೇ,

ಮೊನ್ನೆ ತುಮಕೂರು ಹತ್ತಿರದ ಜಾತ್ರೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಜೈಂಟ್ ವೀಲ್ ಹತ್ತಲೇಬೇಕೆಂದು ಅವಳ ಹಠ. ನೋಡಿದರೆ ತೊಟ್ಟಿಲಿನ ಬಾಗಿಲಿಗೆ ಚಿಲಕವೇ ಇಲ್ಲ, ಸುಮ್ನೆ ತಂತಿ ಸುತ್ತಿದ್ದರು! ಧೈರ್ಯ ಬರಲಿಲ್ಲ, ವಾಪಸ್ ಬಂದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ.

2019ರಲ್ಲಿ ಅಹಮದಾಬಾದ್‌ನ ಕಾಂಕರಿಯಾದಲ್ಲಿ ತೂಗಾಡುವ ಆಟದ ಯಂತ್ರ ಮುರಿದು ಇಬ್ಬರು ಸತ್ತರು. 2022ರಲ್ಲಿ ಮೊಹಾಲಿಯ ಮೇಳದಲ್ಲಿ ಜನ ಕೂತಿದ್ದಂತೆಯೇ ಯಂತ್ರ ಮೇಲಿಂದ ಕೆಳಗೆ ಬಿತ್ತು. ಆ ವಿಡಿಯೊ ನೋಡಿದವರಿಗೆ ಭಯ ಆಗದೆ ಇರುತ್ತಾ? ಅದೇ ನಮ್ಮ ಜನ ಬಿಡದಿಯ ವಂಡರ್‌ಲಾದಲ್ಲಿ ಎತ್ತರದ ಆಟಗಳಿಗೂ ಸಾಲುಗಟ್ಟಿ ನಿಲ್ಲುತ್ತಾರೆ. ನಂಬಿಕೆ ಇದೆ, ಅಲ್ವಾ?

ಜಾತ್ರೆಗೆ ಅನುಮತಿ ಕೊಡುವವರು ಕೊನೆಯ ತಪಾಸಣೆಯ ದಿನಾಂಕವನ್ನು ಟಿಕೆಟ್ ಕೌಂಟರ್ ಮುಂದೆ ದೊಡ್ಡದಾಗಿ ಬರೆಸಲಿ. ಮೊಮ್ಮಗಳ ಜೊತೆ ನಾನೇ ಮೊದಲು ಹತ್ತುತ್ತೇನೆ.

– ಒಬ್ಬ ಅಜ್ಜ, ತುಮಕೂರು