ಸೂಳೆಕೆರೆಗೂ ಒಂದು ಭರತರೇಖೆ ಬೇಕು

ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಅಂದರೆ ಕಡತಗಳಲ್ಲಿ ಶಾಂತಿಸಾಗರವೆಂದು ಕಾಣುವ ಕೆರೆಯ, ಗಡಿಯನ್ನು ಎಲ್ಲಿಂದ ಅಳೆಯಬೇಕು ಎಂಬ ಒಂದೇ ವಿಷಯಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಉದ್ಯಾನ, ದೋಣಿ ವಿಹಾರಗಳ ಬಗ್ಗೆ ಕೇಳುವವರು ಬೇರೆ ಇದ್ದಾರೆ.

ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದವರ ಜಾಣ್ಮೆಯಿಂದಾಗಿ ಏರಿಯ ಬದಿಯಲ್ಲಿ ಒತ್ತುವರಿಗೆ ಜಾಗವೇ ಇಲ್ಲ. ತೊಂದರೆಯಿರುವುದು ಹಿನ್ನೀರಿನ ಅಂಚಿನಲ್ಲಿ. ಮಳೆಗಾಲದಲ್ಲಿ ಹಳ್ಳ ಹೊತ್ತು ತಂದ ಹೂಳು ಅಲ್ಲಿ ಕೂತು ನೆಲ ಎತ್ತರವಾಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಆ ಮೆಕ್ಕಲು ಒಣಗಿ ಅಂಗೈ ಅಗಲದ ಹೆಂಟೆಗಳಾಗಿ ಬಿರಿಯುತ್ತದೆ. ಮೊದಲು ಅಲ್ಲಿ ದನ ಮೇಯುತ್ತವೆ, ಮುಂದೊಂದು ವರ್ಷ ನೇಗಿಲು ಇಳಿಯುತ್ತದೆ, ಆಮೇಲೆ ಅಡಿಕೆ ಸಸಿಗಳ ಸಾಲು ಏಳುತ್ತದೆ. ಸಸಿ ಫಸಲಿಗೆ ಬರುವ ಹೊತ್ತಿಗೆ ಅದು ಕೆರೆಯಂಗಳವಾಗಿತ್ತೆಂಬುದು ಹಿರಿಯರ ನೆನಪಿನಲ್ಲಷ್ಟೇ ಉಳಿದಿರುತ್ತದೆ. ಬೇಸಿಗೆಯಲ್ಲಿ ಬಂದು ನೀರಿನ ಅಂಚಿನಲ್ಲಿ ಅಳತೆಯ ಸರಪಳಿ ಹಿಡಿದರೆ, ಕಳೆದುಹೋದದ್ದನ್ನು ಸಕ್ರಮಗೊಳಿಸಿದಂತೆಯೇ ಸರಿ.

ಕರಾವಳಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ದಿನಕ್ಕೆರಡು ಬಾರಿ ನೀರು ಸರಿಯುತ್ತದೆ. ಆದರೂ 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಿಂದ ಮೊದಲ್ಗೊಂಡು ಕಾನೂನು ಅಳತೆ ಶುರು ಮಾಡುವುದು ಭರತರೇಖೆಯಿಂದಲೇ, ಅಂದರೆ ಉಬ್ಬರದ ನೀರು ಏರಿ ಮುಟ್ಟುವ ಗೆರೆಯಿಂದಲೇ ಹೊರತು ಇಳಿತದ ಅಂಚಿನಿಂದಲ್ಲ. ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆ ಉಳಿದಿರುವುದು ಕಾನೂನೊಂದರಿಂದಲೇ ಅಲ್ಲ ಎನ್ನಿ. ಅಲ್ಲಿನ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಸ್ಥಳೀಯ ಜನರೇ ಎದ್ದು ನಿಂತು ವಿರೋಧಿಸಿದರು; ಅಲ್ಲಿ ಬಳಚು ಹೆಕ್ಕುವವರಿಗೂ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ ನೀರು ಎಲ್ಲಿಯವರೆಗೆ ಏರುತ್ತದೆಂಬುದು ಯಾವ ನಕ್ಷೆಗಿಂತಲೂ ಚೆನ್ನಾಗಿ ಗೊತ್ತು. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ನೀರಾವರಿಗೆಂದು ಕಟ್ಟಿದ ಕೆರೆಗಳಿಗೆ 2017ರ ಜೌಗು ಪ್ರದೇಶ ನಿಯಮಗಳು ಅನ್ವಯಿಸುವುದಿಲ್ಲವೆಂದು ಯಾರಾದರೂ ಕಡತ ಮರಳಿಸಬಹುದು. ಅಂಥವರು 2024ರಲ್ಲಿ ಅಘನಾಶಿನಿಯ ಜೊತೆಗೇ ರಾಮ್ಸಾರ್ ಪಟ್ಟಿ ಸೇರಿದ, ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರವನ್ನು ನೋಡಲಿ. ಅದೂ ನೀರಾವರಿ ಕೆರೆಯೇ, ವಿಸ್ತೀರ್ಣ ನೂರು ಹೆಕ್ಟೇರ್ ಕೂಡ ಇಲ್ಲ. ಅಲ್ಲದೆ, ಸರ್ಕಾರದ್ದೇ ಜಮೀನನ್ನು ಸರ್ವೆ ಮಾಡಿ ಕಲ್ಲು ನೆಡಲು ಯಾವ ವಿಶೇಷ ನಿಯಮವೂ ಬೇಕಿಲ್ಲ. 1964ರ ಭೂ ಕಂದಾಯ ಕಾಯ್ದೆ ಸಾಕು.

ಆದ್ದರಿಂದ ನಮ್ಮ ಕೋರಿಕೆಯಿಷ್ಟು. ಕೆರೆ ತುಂಬಿ ನಿಂತಿರುವಾಗಲೇ ಪೂರ್ಣಮಟ್ಟದ ಅಂಚನ್ನು ಕಂದಾಯ, ನೀರಾವರಿ ಮತ್ತು ಅರಣ್ಯ ಇಲಾಖೆಗಳು ಜಂಟಿಯಾಗಿ ಗುರುತಿಸಬೇಕು. ಆ ದಿನ ಸುತ್ತಲಿನ ಗ್ರಾಮ ಪಂಚಾಯಿತಿಗಳವರು, ಮೀನುಗಾರರು, ಅಚ್ಚುಕಟ್ಟಿನ ರೈತರು ಜೊತೆಗಿರಬೇಕು. ಬೇರೆ ಜಮೀನಿಲ್ಲದೆ ಕೆರೆಯಂಗಳವನ್ನೇ ನಂಬಿದ ಬಡವರನ್ನೂ, ಇದ್ದ ತೋಟವನ್ನು ಹಿಗ್ಗಿಸಿಕೊಂಡವರನ್ನೂ ಒಂದೇ ನೋಟಿಸಿನಲ್ಲಿ ಸೇರಿಸಬಾರದು. ಮೊದಲಿನವರಿಗೆ ಪರ್ಯಾಯ ತೋರಿಸಿಯೇ ತೆರವು ನಡೆಯಲಿ. ಇದೇ ನೀರು ಕುಡಿಯುವ ಚಿತ್ರದುರ್ಗದ ನಗರಸಭೆಗೂ ಸರ್ವೆಯ ನಕ್ಷೆಯ ಒಂದು ಪ್ರತಿ ತಲುಪಲಿ.

ಸರ್ವೆಯ ದಿನಾಂಕವನ್ನು ಮುಂದಿನ ಜಿಲ್ಲಾ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯಲ್ಲಿ ತಾವು ಪ್ರಕಟಿಸುವಿರೆಂದು ನಿರೀಕ್ಷಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸೂಳೆಕೆರೆ ಅಚ್ಚುಕಟ್ಟಿನ ಒಬ್ಬ ರೈತ