ಗ್ಯಾದರಿಂಗ್ ಕುಣಿತಕ್ಕೂ ಬೇರು ಇದೆ

ಮಾನ್ಯ ಸಂಪಾದಕರೇ,

ಶಾಲೆ ಗ್ಯಾದರಿಂಗ್‌ಗಳಲ್ಲಿ, ಅಂದರೆ ವಾರ್ಷಿಕೋತ್ಸವಗಳಲ್ಲಿ, ವೆಸ್ಟರ್ನ್ ಡ್ಯಾನ್ಸ್ ನಿಲ್ಲಿಸಬೇಕು, ಅದಕ್ಕೆ ಸಂಸ್ಕೃತಿ ಇಲ್ಲ, ಬೇರಿಲ್ಲ ಅಂತ ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಸಣ್ಣ ಮಕ್ಕಳನ್ನು ಸಿನಿಮಾ ಹಾಡಿಗೆ ಹೇಗೆಹೇಗೋ ಕುಣಿಸೋದು ನನಗೂ ಸೇರಲ್ಲ. ಆದರೆ ಬೇರೇ ಇಲ್ಲ ಅಂದರೆ ಹೇಗೆ?

ಆ ಹೆಜ್ಜೆಗಳಲ್ಲಿ ಎಷ್ಟೋ ಬಂದದ್ದು ಅಮೆರಿಕದ ಕಪ್ಪು ಜನರಿಂದ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡೋಲು ಬಾರಿಸುತ್ತ ದಂಗೆ ಎದ್ದರು. ಮರುವರ್ಷವೇ ಅವರ ಡೋಲಿಗೆ ನಿಷೇಧ ಬಿತ್ತು. ನಮ್ಮ ಕರಡಿಮಜಲಿನವರ ಹೆಗಲಿನಿಂದ ಕರಡಿ ವಾದ್ಯವನ್ನೇ ಕಿತ್ತುಕೊಂಡ ಹಾಗೆ. ಡೋಲು ಹೋದರೇನು, ತೊಡೆ, ಎದೆ, ಅಂಗೈ, ಹಿಮ್ಮಡಿ ಇದ್ದವಲ್ಲ, ಅವನ್ನೇ ಬಡಿದು ತಾಳ ಹಿಡಿದರು, ಅದಕ್ಕೆ ಜೂಬಾ ಅಂತಾರೆ. ಇನ್ನು ಪ್ರಾರ್ಥನೆಯಲ್ಲಿ ಕುಣಿಯೋದು ಪಾಪ ಅನ್ನುತ್ತಿದ್ದ ಕಾಲ. ಕಾಲಿಗೆ ಕಾಲು ಅಡ್ಡ ಬಂದರೆ ಮಾತ್ರ ಕುಣಿತ ಅಂತ ಲೆಕ್ಕ ಹಾಕಿ, ಪಾದ ಎಳೆದೆಳೆದು ದುಂಡಗೆ ಸುತ್ತು ಬರುತ್ತಿದ್ದರು. ಜಾಣರು ಅಲ್ವಾ!

ಇದೆಲ್ಲ ರಂಗದ ಮೇಲೆ ಬಂದದ್ದು ಸುಮ್ನೆ ಅಲ್ಲ. ಶಿಕಾಗೋದಲ್ಲಿ ಮಾನವಶಾಸ್ತ್ರ ಓದುತ್ತಿದ್ದ ಕಪ್ಪು ನರ್ತಕಿ ಕ್ಯಾಥರೀನ್ ಡನ್‌ಹ್ಯಾಮ್ 1935ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ಹೈಟಿಯ ಜನರ ಪೂಜೆಯ ಕುಣಿತ ಕಲಿತು, ಅದನ್ನು ಬ್ಯಾಲೆ ಜೊತೆ ಕೂಡಿಸಿ ತನ್ನದೇ ಪಾಠಕ್ರಮ ಕಟ್ಟಿದಳು. ಇನ್ನೊಬ್ಬ ಕಪ್ಪು ನೃತ್ಯ ಸಂಯೋಜಕ ಆಲ್ವಿನ್ ಏಲಿ ಹುಟ್ಟಿದ್ದು 1931ರಲ್ಲಿ, ಟೆಕ್ಸಸ್‌ನ ಬಡ ಮನೆಯಲ್ಲಿ. ತಾಯಿ ಹತ್ತಿ ಬಿಡಿಸುತ್ತಿದ್ದಳು. ಅವನ 1960ರ ನೃತ್ಯ 'ರೆವೆಲೇಷನ್ಸ್' ನೋಡಿ, ಇಂಟರ್ನೆಟ್ಟಿನಲ್ಲೇ ಸಿಗುತ್ತೆ. ರಂಗದ ಈ ತುದಿಯಿಂದ ಆ ತುದಿಗೆ ಉದ್ದನೆಯ ಬಟ್ಟೆ ಎಳೆದು ಅಲುಗಾಡಿಸುತ್ತಾರೆ, ಅದೇ ನದಿ. ಬಿಳಿ ಬಟ್ಟೆ ತೊಟ್ಟವರು, ಒಬ್ಬಳ ಕೈಯಲ್ಲಿ ದೊಡ್ಡ ಬಿಳಿ ಕೊಡೆ, ಸೊಂಟದಿಂದ ಭುಜದವರೆಗೂ ಅಲೆ ಎದ್ದ ಹಾಗೆ ನಡೆಯುತ್ತಾರೆ. ಕೊನೆಗೆ ಹಳದಿ ಅಂಗಿಯ ಹೆಂಗಸರು ಸ್ಟೂಲಿನ ಮೇಲೆ ಕೂತು ಬೀಸಣಿಗೆ ಬೀಸುತ್ತಾರೆ, ಥೇಟ್ ಊರ ಚರ್ಚಿನ ಸೆಕೆ. ಬಾಲ್ಯದಲ್ಲಿ ಕಂಡದ್ದನ್ನೇ ಕುಣಿಸಿದ್ದಾನೆ. ಇದಕ್ಕೆ ಸಂಸ್ಕೃತಿ ಇಲ್ಲ ಅಂದರೆ ಇನ್ಯಾವುದಕ್ಕಿದೆ?

ಅಷ್ಟು ದೂರ ಯಾಕೆ, ನಮ್ಮ ಖಾನಾಪುರ ತಾಲ್ಲೂಕಿನಲ್ಲೇ ಸಿದ್ದಿ ಜನ ಇದ್ದಾರೆ. ಅವರ ಹಿರಿಯರಲ್ಲೂ ಎಷ್ಟೋ ಮಂದಿ ಪೋರ್ತುಗೀಸರ ಗೋವಾಕ್ಕೆ ಗುಲಾಮರಾಗಿ ಬಂದ ಆಫ್ರಿಕದವರೇ. ಡಮಾಮಿ ಅನ್ನೋ ಡೋಲು ಬಾರಿಸಿ ಕುಣಿಯುವುದನ್ನು ಬಿಟ್ಟಿಲ್ಲ. ನಾವೋ, ಉತ್ಸವ ಬಂದರೆ ಅವರ ಮೈಗೆ ಎಲೆ ಕಟ್ಟಿಸಿ ಮೆರವಣಿಗೆಯಲ್ಲಿ ಬಿಸಿಲಿಗೆ ನಡೆಸುತ್ತೇವೆ, ಜನ ಮೊಬೈಲ್ ಹಿಡಿದು ನಗುತ್ತಾರೆ. ನನಗೆ ಸಿಟ್ಟು ಬರೋದು ಇದಕ್ಕೇ ಜಾಸ್ತಿ.

ಹಾಗಾಗಿ ಶಾಲೆಯವರಲ್ಲಿ ಒಂದು ಮಾತು. ವೆಸ್ಟರ್ನ್ ಡ್ಯಾನ್ಸ್ ಇರಲಿ, ಅದು ಎಲ್ಲಿಂದ ಬಂತು ಅಂತ ನಿರೂಪಣೆ ಮಾಡುವ ಸರ್ ಎರಡು ನಿಮಿಷ ಹೇಳಲಿ. ಸಿದ್ದಿ ತಂಡವನ್ನೂ ಕರೆಸಿ. ಎಲೆಗಿಲೆ ಬೇಡ, ತಮಗೆ ಬೇಕಾದ ಬಟ್ಟೆಯಲ್ಲಿ ಬರಲಿ, ಪೂರ್ತಿ ಅರ್ಧ ಗಂಟೆ ಸ್ಟೇಜ್ ಕೊಡಿ, ಗೌರವಧನ ಅವತ್ತೇ ಕೈಗೆ ಕೊಡಿ.

ಇಂತಿ,
ನಿಮ್ಮ ಓದುಗ
ಶಹಾಪುರ, ಬೆಳಗಾವಿ